ಐದೂವರೆಗೆ ಗೇಟಿಗೆ ಬೀಗ: ಕುಶಾಲನಗರ ಕಡೆಯ ಒಂದು ಓಟಿ (ಓವರ್‌ಟೈಮ್) ಪ್ರಕರಣ

2025ರ ಫೆಬ್ರವರಿ 6, ಗುರುವಾರ. ಸಂಜೆ ಐದೂವರೆಗೆ ಕಾಫಿ ಬೀಜ ಆರಿಸುವ ಮೇಜಿನಿಂದ ಹನ್ನೊಂದು ಹೆಂಗಸರು ಎದ್ದರು. ನಲ್ಲಿ ಹತ್ತಿರ ಹೋಗಿ ಕೈ ತೊಳೆದರು. ಮೊಳೆಗೆ ತೂಗುಹಾಕಿದ್ದ ಬುತ್ತಿ ಚೀಲ ತೆಗೆದುಕೊಂಡು ಗೇಟಿಗೆ ಬಂದರು. ಗೇಟಿಗೆ ಬೀಗ ಬಿದ್ದಿತ್ತು.

"ಪಾಸ್ ಇಲ್ದೆ ಬಿಡೋ ಹಾಗಿಲ್ಲಕ್ಕ, ನನ್ ಕೆಲ್ಸ ಹೋಗ್ತದೆ" ಅಂದ ವಾಚ್‌ಮನ್.

ಪಾಸ್ ಬರೆದುಕೊಡಬೇಕಾದವನು ನಾನು. ಆಗ ಅಲ್ಲಿ ಟೈಮ್ ಕೀಪರ್ ಆಗಿದ್ದೆ. ಪಾಸ್ ಪುಸ್ತಕವನ್ನು ಮಧ್ಯಾಹ್ನವೇ ಮ್ಯಾನೇಜರ್ ತಮ್ಮ ರೂಮಿಗೆ ತರಿಸಿಕೊಂಡಿದ್ದರು. ಕಿಟಕಿಯಿಂದ ನೋಡುತ್ತಾ ಕೂತೆ. ನಲವತ್ತು ನಿಮಿಷ ಅವರು ಗೇಟಿನ ಹತ್ತಿರ ನಿಂತಿದ್ದರು. ಯಾರೂ ಕೂಗಾಡಲಿಲ್ಲ. ಒಬ್ಬರು ಕಲ್ಲಿನ ಮೇಲೆ ಕೂತು ಚಪ್ಪಲಿಯ ಕಿತ್ತ ಉಂಗುಷ್ಟಕ್ಕೆ ಪಿನ್ ಹಾಕುತ್ತಿದ್ದರು. ಬೀಗ ತೆಗೆದಾಗ ಆರು ಗಂಟೆ ಹತ್ತು ನಿಮಿಷ. ಅಷ್ಟರಲ್ಲಿ ಬಸ್ಸು ಹೋಗಿತ್ತು.

ಮಾರನೆಯ ಬೆಳಗ್ಗೆ ಆ ಹನ್ನೊಂದು ಜನರನ್ನು ಒಳಗೆ ಬಿಡಲಿಲ್ಲ. "ಕಂಟ್ರಾಕ್ಟರ್ ಹತ್ರ ಹೋಗಿ ಮಾತಾಡಿ" ಎಂದು ಹೊರಗಿಂದಲೇ ಕಳಿಸಿದರು.

ನಾನು ಈಗ ಅಲ್ಲಿಲ್ಲ. ಅದು ಯಾವ ಕ್ಯೂರಿಂಗ್ ವರ್ಕ್ಸ್ (ಕಾಫಿ ಹದ ಮಾಡುವ ಫ್ಯಾಕ್ಟರಿ) ಎಂದು ಹೇಳುವುದಿಲ್ಲ. ಕುಶಾಲನಗರದ ಸುತ್ತ ಕ್ಯೂರಿಂಗ್ ವರ್ಕ್ಸ್‌ಗಳು ಹಲವಿವೆ, ಅವುಗಳಲ್ಲಿ ಒಂದು ಅಂದುಕೊಳ್ಳಿ. ಜನರ ಹೆಸರೂ ಬರೆಯುವುದಿಲ್ಲ. ಮುಂದೆ ನಿಂತವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ.

ಕೆಲಸ ಎಂಥದ್ದು

ತೋಟದಿಂದ ಕಾಫಿ ನಮ್ಮಲ್ಲಿಗೆ ಎರಡು ರೂಪದಲ್ಲಿ ಬರುತ್ತದೆ. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದ್ದು ಚೆರ್ರಿ. ಪಲ್ಪರ್ ಅನ್ನುವ ಯಂತ್ರಕ್ಕೆ ಹಾಕಿ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಕ್ಯೂರಿಂಗ್ ಅಂದರೆ ಇದರ ಸಿಪ್ಪೆ ಸುಲಿಯುವುದು, ಜರಡಿಯಲ್ಲಿ ಗಾತ್ರದ ಪ್ರಕಾರ ಬೇರೆ ಮಾಡುವುದು, ಕೊನೆಗೆ ಕೆಟ್ಟ ಬೀಜ ಆರಿಸಿ ತೆಗೆಯುವುದು. ಕಪ್ಪು ಬೀಜ, ಒಡಕು, ಹುಳ ಕೊರೆದದ್ದು, ಬಣ್ಣ ಕೆಟ್ಟದ್ದು ಎಲ್ಲವೂ ಹೋಗಬೇಕು. ಹಿಂದೆ ಇದೆಲ್ಲ ಹೆಂಗಸರ ಕೈ ಕೆಲಸ. ಈಗ ಕಲರ್ ಸಾರ್ಟರ್ ಇದೆ. ಬೀಜ ಮೇಲಿಂದ ಬೀಳುವಾಗ ಕ್ಯಾಮೆರಾ ನೋಡುತ್ತದೆ, ಕಪ್ಪು ಕಂಡರೆ ಗಾಳಿ ಊದಿ ಹಾರಿಸುತ್ತದೆ. ಹಾಗಂತ ಮೇಜು ಪೂರ್ತಿ ಹೋಗಿಲ್ಲ. ನಮ್ಮಲ್ಲಿ ಇಪ್ಪತ್ತಾರು ಹೆಂಗಸರಿದ್ದರು.

ಜನವರಿ ಮೂರನೇ ವಾರ ಕಲರ್ ಸಾರ್ಟರ್ ಕೈ ಕೊಟ್ಟಿತು. ಬಿಡಿಭಾಗ ಹೊರಗಿನಿಂದ ಬರಬೇಕು. ಆ ವರ್ಷ ಕಾಫಿಗೆ ಯಾರೂ ಕಾಣದ ರೇಟು ಬಂದಿತ್ತು, ನೆನಪಿರಬಹುದು. ರೇಟು ಇದ್ದಾಗ ಮಾಲು ಬೇಗ ಕಳಿಸಬೇಕು ಅನ್ನುವ ಅವಸರ ಎಲ್ಲರಿಗೂ. ಮಂಗಳೂರು ಬಂದರಿಗೆ ಹೋಗಬೇಕಾದ ಕಂಟೇನರ್‌ಗಳ ತಾರೀಖು ನಿಗದಿಯಾಗಿತ್ತು. 20 ಅಡಿಯ ಒಂದು ಕಂಟೇನರ್ ಅಂದರೆ 60 ಕೆ.ಜಿ.ಯ 320 ಮೂಟೆ. ಅಷ್ಟನ್ನೂ ಕೈಯಲ್ಲಿ ಆರಿಸಬೇಕು.

ಇಲ್ಲಿ ಮ್ಯಾನೇಜರ್ ಕಡೆಯ ಮಾತೂ ಹೇಳಬೇಕು. ಅವರಿಗೆ ನಿಜವಾಗಿಯೂ ತಲೆನೋವಿತ್ತು. ರಾತ್ರಿ ಹತ್ತಕ್ಕೂ ಫೋನ್ ಬರುತ್ತಿತ್ತು. ಕೆಟ್ಟ ಮನುಷ್ಯ ಅಲ್ಲ. ಆದರೆ ತಮ್ಮ ತಲೆನೋವನ್ನು ಇಪ್ಪತ್ತಾರು ಜನರ ಕಣ್ಣು ಸೊಂಟಕ್ಕೆ ದಾಟಿಸಿದರು, ಅದೂ ಒಂದು ಮಾತು ಕೇಳದೆ.

ಜನವರಿ 20, ಸೋಮವಾರ, ಸಂಜೆ ಐದಕ್ಕೆ ಕಪ್ಪು ಹಲಗೆಯ ಮೇಲೆ "ಇಂದಿನಿಂದ 7.30" ಎಂದು ಸೀಮೆಸುಣ್ಣದಲ್ಲಿ ಬಿತ್ತು. ಮಾಮೂಲಿ ಕೆಲಸ ಬೆಳಗ್ಗೆ 9ರಿಂದ ಸಂಜೆ 5.30. ನಡುವೆ ಅರ್ಧ ಗಂಟೆ ಊಟ. ಅಲ್ಲಿಗೆ ಎಂಟು ಗಂಟೆ. ಈಗ ಅದು ಹತ್ತಾಯಿತು. ಹದಿನೈದು ದಿನ ಹಾಗೇ ನಡೆಯಿತು.

ಸಂಜೆ ಟ್ಯೂಬ್‌ಲೈಟ್ ಕೆಳಗೆ ಕೂತು ಬೀಜ ಆರಿಸಿದವರಿಗೆ ಗೊತ್ತು. ಆರು ಗಂಟೆ ಆದಮೇಲೆ ಕಪ್ಪು ಬೀಜ ಮತ್ತು ಕಡು ಕಂದು ಬೀಜ ಒಂದೇ ಥರ ಕಾಣುತ್ತವೆ. ಬೆರಳು ಓಡುತ್ತಿರುತ್ತದೆ, ಕಣ್ಣು ಮಾತ್ರ ಹಿಂದೆ ಬೀಳುತ್ತದೆ. ಎರಡನೇ ವಾರ ಸಂಜೆಯ ಮೂಟೆಗಳ ಸ್ಯಾಂಪಲ್ ಎರಡು ಸಲ ವಾಪಸ್ ಬಂತು. ಅವನ್ನು ಮಾರನೆಯ ಬೆಳಗ್ಗೆ ಮತ್ತೆ ಮೇಜಿಗೆ ಸುರಿದರು. ಸಂಜೆ ಎರಡು ಗಂಟೆಯ ಕೆಲಸವನ್ನು ಬೆಳಗ್ಗೆ ಒಂದೂವರೆ ಗಂಟೆ ಕೂತು ಸರಿಮಾಡಿದ್ದು ನಾನೇ ನೋಡಿದ್ದೇನೆ.

ಬಸ್ಸಿನ ಲೆಕ್ಕ

ಹನ್ನೊಂದು ಜನ ಎದ್ದದ್ದು ದಣಿವಿನಿಂದ ಅಂತ ಮೊದಲು ನಾನೂ ಅಂದುಕೊಂಡಿದ್ದೆ. ನಿಜವಾದ ಕಾರಣ ಬಸ್ಸು.

ಅವರಲ್ಲಿ ಆರು ಜನ ಹೆಬ್ಬಾಲೆ, ಶಿರಂಗಾಲದ ಕಡೆಯವರು. ಐವರು ಗುಡ್ಡೆಹೊಸೂರು, ನಂಜರಾಯಪಟ್ಟಣದ ಕಡೆಯವರು. ಹೆಬ್ಬಾಲೆ ಕಡೆಯವರಿಗೆ ರಾತ್ರಿ ಎಂಟರ ಹೊತ್ತಿಗೆ ಒಂದು ಸರ್ಕಾರಿ ಬಸ್ಸು ಸಿಗುತ್ತಿತ್ತು. ತಡವಾದರೂ ಮನೆ ಸೇರುತ್ತಿದ್ದರು. ನಂಜರಾಯಪಟ್ಟಣದ ಕಡೆಗೆ ಆ ಹೊತ್ತಿನಲ್ಲಿ ಏನೂ ಇಲ್ಲ. ಆಟೋ ಮಾಡಬೇಕು. ಆ ದಿಕ್ಕಿನಲ್ಲಿ ಕತ್ತಲಾದ ಮೇಲೆ ಆಟೋದವರು ಬರಲು ಹಿಂದೆಮುಂದೆ ನೋಡುತ್ತಾರೆ. ಆನೆ ರಸ್ತೆಗೆ ಇಳಿಯುತ್ತದೆ. ಮಡಿಕೇರಿ ರಸ್ತೆಯ ಆ ಕಾಡಿಗೆ ಆನೆಕಾಡು ಎಂದು ಹೆಸರಿಟ್ಟವರು ಸುಮ್ನೆ ಇಟ್ಟಿಲ್ಲ. ಬೆಂಗಳೂರಿನಲ್ಲಿ ಓಟಿ ಅಂದರೆ ಟ್ರಾಫಿಕ್, ದಣಿವು. ಇಲ್ಲಿ ಓಟಿ ಅಂದರೆ ಬಸ್ ಸ್ಟಾಪಿನಿಂದ ಲೈನ್ ಮನೆವರೆಗೆ (ತೋಟದ ಕೂಲಿಯವರ ಸಾಲುಮನೆ) ತೋಟದ ನಡುವೆ ಟಾರ್ಚ್ ಹಿಡಿದು ನಡೆಯುವ ಒಂದು ಕಿಲೋಮೀಟರ್.

ಅಕ್ಕ ಗುಡ್ಡೆಹೊಸೂರಿನ ಆಚೆಯವರು. ಮೇಜಿನ ಮುಂದೆ ಹತ್ತೊಂಬತ್ತು ವರ್ಷ ಕೂತವರು. ಒಂದು ದಿನ ಟೈಮ್ ಆಫೀಸಿಗೆ ಬಂದು ನನ್ನ ಕ್ಯಾಲ್ಕುಲೇಟರ್ ಕೇಳಿದರು.

"ಅಣ್ಣ, ದಿನಕ್ಕೆ 520 ಅಂದ್ರೆ ಗಂಟೆಗೆ ಎಷ್ಟು?"

"65."

"ಎರಡು ಗಂಟೆಗೆ 130. ಆಟೋಗೆ ಐದು ಜನ ಸೇರಿ 500 ಕೊಡ್ತೀವಿ. ತಲೆಗೆ 100. ಹಂಗಾದ್ರೆ 30 ರೂಪಾಯಿಗೆ ನಾನು ರಾತ್ರಿ ಒಂಬತ್ತಕ್ಕೆ ಮನೆ ಸೇರ್ತಾ ಇದ್ದೀನಿ. ಅಲ್ವಾ?"

ಹೌದು ಅಂದೆ. ಅದಕ್ಕಿಂತ ಜಾಸ್ತಿ ಏನೂ ಹೇಳಲಿಲ್ಲ. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ ಕೊಡಬೇಕು ಎಂದು ಆಗಿನ ಕಾರ್ಖಾನೆ ಕಾಯ್ದೆಯ 59ನೇ ಸೆಕ್ಷನ್ ಹೇಳುತ್ತಿತ್ತು, ಅದು ನನಗೆ ಗೊತ್ತಿತ್ತು. 260 ಬರಬೇಕಾದ ಜಾಗದಲ್ಲಿ 130 ಕೊಡುತ್ತಿದ್ದರು. ಆ 130 ಕೂಡ ಹಾಜರಿ ಪುಸ್ತಕದಲ್ಲಿ ಕಾಣುತ್ತಿರಲಿಲ್ಲ. ಪುಸ್ತಕದಲ್ಲಿ ಎಲ್ಲರಿಗೂ ದಿನಕ್ಕೆ ಎಂಟೇ ಗಂಟೆ. ಹೆಚ್ಚುವರಿ ದುಡ್ಡು ಬೇರೆ ವೋಚರಿನಲ್ಲಿ, "ಬತ್ತಾ" ಎಂದು. ಬರೆದದ್ದು ನಾನೇ, ನೀಲಿ ಶಾಯಿಯಲ್ಲಿ.

ಎಲ್ಲರಿಗೂ ಬೇಡವಾಗಿರಲಿಲ್ಲ

ಇಪ್ಪತ್ತಾರರಲ್ಲಿ ಹದಿನೈದು ಜನ ಏಳಲಿಲ್ಲ. ಕೆಲವರಿಗೆ ಭಯ. ಆದರೆ ನಾಲ್ಕೈದು ಜನಕ್ಕೆ ಓಟಿ ನಿಜವಾಗಿಯೂ ಬೇಕಿತ್ತು. ಕುಶಾಲನಗರದಲ್ಲೇ ಬಾಡಿಗೆ ಮನೆ ಇರುವ ಒಬ್ಬ ಹುಡುಗಿ, ಎರಡು ಮಕ್ಕಳ ತಾಯಿ, ಅಕ್ಕನ ಮೇಲೆ ರೇಗಿದ್ದಳು. "ಸಂಘದ ಕಂತು ಗುರುವಾರ ಕಟ್ಟಬೇಕಣ್ಣ. ಇವ್ರು ಗಲಾಟೆ ಮಾಡಿ ಓಟಿ ನಿಲ್ಸಿದ್ರೆ ನಾನೆಲ್ಲಿಗೆ ಹೋಗ್ಲಿ?" ಅಂದಳು. ಅವಳ ಮಾತಿನಲ್ಲಿ ತಪ್ಪೇನಿತ್ತು? ಹೆಚ್ಚು ದುಡಿಯುವುದು ಪಾಪ ಎಂದು ಯಾರೂ ಹೇಳಿರಲಿಲ್ಲ. ಅಕ್ಕನೂ ಹೇಳಿರಲಿಲ್ಲ. "ಬೇಕಾದವ್ರು ಇರ್ಲಿ, ನಂಗೆ ಬಸ್ಸಿದೆ" ಅನ್ನುವುದಷ್ಟೇ ಅವರ ವಾದ. ಆದರೆ ಹಲಗೆಯ ಮೇಲೆ ಬರೆದದ್ದು ಎಲ್ಲರಿಗೂ ಒಂದೇ.

ಹೊರಗೆ ನಿಂತ ಹನ್ನೊಂದು ಜನ ಶುಕ್ರವಾರ ಸುಂಟಿಕೊಪ್ಪ ಕಡೆಯ ಒಬ್ಬ ಹಿರಿಯರನ್ನು ಹುಡುಕಿಕೊಂಡು ಹೋದರು. ಎಸ್ಟೇಟಿನಲ್ಲಿ ಮೂವತ್ತು ವರ್ಷ ದುಡಿದವರು, ಹಿಂದೆ ಕಾರ್ಮಿಕ ಸಂಘದಲ್ಲಿದ್ದವರು. ಹೆಂಗಸರು ಅವರನ್ನು ದೊಡ್ಡಪ್ಪ ಅನ್ನುತ್ತಾರೆ. ತೋಟದ ಕಾನೂನು ಅವರಿಗೆ ಬಾಯಿಪಾಠ. 1951ರ ಪ್ಲಾಂಟೇಶನ್ ಲೇಬರ್ ಆಕ್ಟ್‌ನಲ್ಲಿ ವಾರಕ್ಕೆ 48 ಗಂಟೆ, ಓಟಿ ಸೇರಿದರೂ ದಿನಕ್ಕೆ 9, ವಾರಕ್ಕೆ 54 ದಾಟುವಂತಿರಲಿಲ್ಲ. ರಜಾ ದಿನ ದುಡಿಯಲು ಕೆಲಸಗಾರನಿಗೆ ಮನಸ್ಸಿದ್ದರೆ ದುಡಿಯಬಹುದಿತ್ತು, ಆದರೂ ಒಂದು ದಿನ ಪೂರ್ತಿ ರಜೆ ಇಲ್ಲದೆ ಸತತ ಹತ್ತು ದಿನಕ್ಕಿಂತ ಹೆಚ್ಚು ಇರಲಿಲ್ಲ. ತೋಟದಲ್ಲಿ ಇದೆಲ್ಲ ಎಷ್ಟು ನಡೆಯುತ್ತದೆ ಅನ್ನುವುದು ಬೇರೆ ಮಾತು. ಕೊಯ್ಲಿನಲ್ಲಿ ಕೆ.ಜಿ. ಲೆಕ್ಕ ಬಂದಮೇಲೆ ಗಂಟೆ ಯಾರು ನೋಡುತ್ತಾರೆ?

ನಮ್ಮದು ಫ್ಯಾಕ್ಟರಿ. ಕಾನೂನು ಬೇರೆ. ಅದಕ್ಕೆ ದೊಡ್ಡಪ್ಪ ಒಂದು ದಿನ ಕೂತು ಓದಿದರಂತೆ. ಆಮೇಲೆ ಹೆಂಗಸರ ಹತ್ತಿರ ಒಂದೇ ಪ್ರಶ್ನೆ ಕೇಳಿದರು: "ಏಳೂವರೆಗಂಟ ಇದ್ರಿ ಅನ್ನೋಕೆ ಸಾಕ್ಷಿ ಏನಿದೆ?"

ಯಾರ ಹತ್ತಿರವೂ ಇರಲಿಲ್ಲ. ಹಾಜರಿ ಪುಸ್ತಕ ನನ್ನ ಹತ್ತಿರ, ಅದರಲ್ಲಿ ಸುಳ್ಳು. ಹಲಗೆಯ ಮೇಲಿನದನ್ನು ದಿನಾ ಒರೆಸುತ್ತಿದ್ದರು. ಒಳಗೆ ಮೊಬೈಲ್ ತರುವಂತಿಲ್ಲ, ಫೋಟೋ ಇಲ್ಲ.

ಹೆಬ್ಬಾಲೆಯ ಒಬ್ಬ ಹೆಂಗಸು ಬುತ್ತಿ ಚೀಲದ ಪಕ್ಕದ ಜೇಬಿಗೆ ಕೈ ಹಾಕಿ ಒಂದು ಮುಷ್ಟಿ ಚೀಟಿ ತೆಗೆದರಂತೆ. ಬಸ್ ಟಿಕೆಟ್. ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಆದರೆ ಟಿಕೆಟ್ ಕೊಡುತ್ತಾರೆ. ಚೆಕಿಂಗ್ ಬಂದರೆ ತೋರಿಸಬೇಕು, ಇಟ್ಕೊಳಮ್ಮ ಎಂದು ಕಂಡಕ್ಟರ್ ಹೇಳಿದ್ದ. ಇಳಿದ ಮೇಲೂ ಇಟ್ಟುಕೊಂಡಿದ್ದರು, ಬಿಸಾಡಲು ಮರೆತು. ಪ್ರತಿ ಟಿಕೆಟ್ ಮೇಲೂ ತಾರೀಖು, ಸಮಯ, ಎಲ್ಲಿ ಹತ್ತಿದ್ದು, ಎಲ್ಲಿಗೆ. ಜನವರಿ 18ರವರೆಗೆ ಸಂಜೆ ಐದೂ ಮುಕ್ಕಾಲರ ಸುಮಾರು. 20ರಿಂದ ರಾತ್ರಿ ಎಂಟರ ಸುಮಾರು. ಕೆಲವು ಟಿಕೆಟ್‌ಗಳ ಶಾಯಿ ಮಾಸಿತ್ತು. ಮಗನ ಮೊಬೈಲಿನಲ್ಲಿ ತಕ್ಷಣ ಫೋಟೋ ತೆಗೆಸಿದರು. ಆರು ಜನರ ಚೀಲ, ಸೀರೆಯ ಗಂಟು, ದೇವರ ಮನೆಯ ಡಬ್ಬಿ ಎಲ್ಲ ಹುಡುಕಿದಾಗ ನಲವತ್ತಕ್ಕೂ ಹೆಚ್ಚು ಟಿಕೆಟ್ ಸಿಕ್ಕವು.

ಮ್ಯಾನೇಜರ್ ರೂಮು

ಶನಿವಾರ ಒಂದು ಪತ್ರ ಬಂತು. ಮ್ಯಾನೇಜರ್‌ಗೆ ಒಂದು ಪ್ರತಿ, ಕಾರ್ಮಿಕ ಇಲಾಖೆಗೆ ಒಂದು, ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ ಒಂದು ಎಂದು ಕೆಳಗೆ ಬರೆದಿತ್ತು. ಸೋಮವಾರ, ಫೆಬ್ರವರಿ 10ರಂದು ಮಾತುಕತೆಗೆ ಕರೆದರು. ಅಕ್ಕ, ಇನ್ನಿಬ್ಬರು ಹೆಂಗಸರು, ದೊಡ್ಡಪ್ಪ, ಕಂಟ್ರಾಕ್ಟರ್, ಮ್ಯಾನೇಜರ್. ಪುಸ್ತಕ ಹಿಡಿದುಕೊಂಡು ಮೂಲೆಯಲ್ಲಿ ನಾನು.

ಮ್ಯಾನೇಜರ್ ಮೊದಲು ಒಂದು ಹಾಳೆ ತೆಗೆದರು. ಕೆಲಸಕ್ಕೆ ಸೇರುವಾಗ ಎಲ್ಲರಿಂದ ಸಹಿ ಹಾಕಿಸಿದ ಫಾರಂ. ಕೊನೆಯ ಸಾಲು: "ಅಗತ್ಯ ಬಿದ್ದಾಗ ಹೆಚ್ಚುವರಿ ಸಮಯ ಕೆಲಸ ಮಾಡಲು ನನ್ನ ಒಪ್ಪಿಗೆ ಇರುತ್ತದೆ." ಅಕ್ಕನ ಹೆಬ್ಬೆಟ್ಟು ಇತ್ತು.

ದೊಡ್ಡಪ್ಪ ಅದನ್ನು ನೋಡಿ ನಕ್ಕರು. "ಇದು ಯಾವ ವರ್ಷದ ಒಪ್ಪಿಗೆ ಸಾರ್?"

ಎರಡನೆಯದು ಸರ್ಕಾರದ ಆದೇಶದ ಜೆರಾಕ್ಸ್. ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದು ಎಂದು ಅದರಲ್ಲಿತ್ತು. ಅದು ನಮ್ಮ ಟೈಮ್ ಆಫೀಸಿನ ಗೋಡೆಗೆ ಐದು ವರ್ಷದಿಂದ ಅಂಟಿಕೊಂಡಿದ್ದ ಹಾಳೆ. ತಾರೀಖು 2020ರ ಮೇ 22. ಕೊರೊನಾ ಕಾಲದ್ದು. ಅದು ಮೂರು ತಿಂಗಳಿಗೆ ಮಾತ್ರ ಎಂದು ಅದರಲ್ಲೇ ಇತ್ತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್‌ನಲ್ಲೇ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತ್ತು. ಗುಜರಾತ್ ಹೊರಡಿಸಿದ್ದ ಅಂಥದ್ದೇ ಆದೇಶವನ್ನು ಅದೇ ವರ್ಷ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ನಮ್ಮ ಗೋಡೆಗೆ ಮಾತ್ರ ಅದು ಯಾವುದೂ ತಲುಪಿರಲಿಲ್ಲ.

ಮೂರನೆಯದು, "ಇವ್ರು ನಮ್ ಲೇಬರ್ ಅಲ್ಲ, ಕಂಟ್ರಾಕ್ಟರ್ ಲೇಬರ್." ಇದು ಎಲ್ಲ ಕಡೆ ಕೇಳುವ ಮಾತು. ಕಾರ್ಖಾನೆ ಕಾಯ್ದೆಯಲ್ಲಿ ಕಂಟ್ರಾಕ್ಟರ್ ಮೂಲಕ ಬಂದವರೂ ಕೆಲಸಗಾರರೇ ಆಗಿದ್ದರು. ಗೇಟಿನ ಒಳಗೆ ಎಷ್ಟು ಹೊತ್ತು ದುಡಿಸಿದರು ಅನ್ನುವುದರ ಹೊಣೆ ಫ್ಯಾಕ್ಟರಿಯದು. ಕೂಲಿ ಕಂಟ್ರಾಕ್ಟರ್ ಕೊಡದಿದ್ದರೆ ಮುಖ್ಯ ಮಾಲೀಕರು ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೂ ಹೇಳುತ್ತಿತ್ತು. ಕಂಟ್ರಾಕ್ಟರ್ ಅಷ್ಟು ಹೊತ್ತೂ ತಮ್ಮ ಮೊಬೈಲ್ ನೋಡುತ್ತಾ ಕೂತಿದ್ದರು.

ಆಮೇಲೆ ಬಂತು ದೊಡ್ಡ ಮಾತು. "ಹೇಳಿದ ಕೆಲಸ ಬಿಟ್ಟು ಎದ್ದು ಹೋಗೋದು ಆಜ್ಞೆ ಮೀರಿದ ಹಾಗೆ. ಶಿಸ್ತುಕ್ರಮ ತಗೋಬಹುದು."

ಈ ಮಾತಿನಲ್ಲಿ ಅರ್ಧ ನಿಜ ಇದೆ. ಮೇಲಿನವರ ಮಾತನ್ನು ಬೇಕೆಂದೇ ಮೀರುವುದು ದುರ್ನಡತೆ ಎಂದು ಮಾದರಿ ಸ್ಥಾಯಿ ಆದೇಶಗಳಲ್ಲಿ (ಕೆಲಸದ ಜಾಗದ ಶಿಸ್ತಿನ ನಿಯಮಗಳು) ಇತ್ತು. ಆದರೆ ಆ ಮಾತು ಕಾನೂನಿಗೆ ಸರಿಯಾಗಿರಬೇಕು, ನ್ಯಾಯವಾಗಿರಬೇಕು ಅನ್ನುವ ಷರತ್ತೂ ಅದೇ ಸಾಲಿನಲ್ಲಿತ್ತು. ಕಾರ್ಖಾನೆ ಕಾಯ್ದೆಯಲ್ಲಿ "ಕೆಲಸಗಾರ ಓಟಿ ನಿರಾಕರಿಸಬಹುದು" ಎಂದು ನೇರವಾಗಿ ಬರೆದ ಸಾಲಿರಲಿಲ್ಲ. ಅದನ್ನು ಹುಡುಕಿ ನಿರಾಶರಾದವರು ಬಹಳ. ಅಲ್ಲಿದ್ದದ್ದು ಮಾಲೀಕರಿಗೆ ಹಾಕಿದ ಬೇಲಿ.

ದೊಡ್ಡಪ್ಪ ಎದ್ದು ಹೊರಗೆ ಹೋದರು. ನಮಗೆಲ್ಲ ಆಶ್ಚರ್ಯ. ಟೈಮ್ ಆಫೀಸಿನ ಬಾಗಿಲ ಪಕ್ಕ ದೇವರ ಕ್ಯಾಲೆಂಡರ್ ತೂಗುತ್ತಿತ್ತು. ಅದನ್ನು ಪಕ್ಕಕ್ಕೆ ಸರಿಸಿದರು. ಹಿಂದೆ ಗಾಜಿನ ಚೌಕಟ್ಟಿನಲ್ಲಿ ಕೆಲಸದ ವೇಳೆಯ ನೋಟಿಸು. ಆಗ ಪ್ರತಿ ಫ್ಯಾಕ್ಟರಿಯೂ ಹಾಕಲೇಬೇಕಿದ್ದದ್ದು, ಕಾರ್ಖಾನೆ ಕಾಯ್ದೆಯ 61ನೇ ಸೆಕ್ಷನ್. ಬೆಳಗ್ಗೆ 9ರಿಂದ ಸಂಜೆ 5.30. ಮ್ಯಾನೇಜರ್ ಸಹಿ, ಸೀಲು.

"ಸಾರ್, ಈ ನೋಟಿಸಲ್ಲಿ ಇರೋದಕ್ಕೆ, ರಿಜಿಸ್ಟರಲ್ಲಿ ಮೊದಲೇ ಬರೆದಿರೋದಕ್ಕೆ ಬಿಟ್ಟು ಬೇರೆ ಹೊತ್ತಲ್ಲಿ ಯಾರನ್ನೂ ದುಡಿಸೋ ಹಾಗಿಲ್ಲ. 63. ದುಡಿಸೋ ಹಾಗೂ ಇಲ್ಲ, ದುಡಿಯೋಕೆ ಬಿಡೋ ಹಾಗೂ ಇಲ್ಲ. ಈಯಮ್ಮ ಐದೂವರೆಗೆ ಎದ್ದಿದ್ದು ನಿಮ್ಮ ಆಜ್ಞೆ ಪ್ರಕಾರನೇ. ಇದರಲ್ಲಿ ನಿಮ್ಮದೇ ಸಹಿ ಇದೆ."

ರೂಮಿನಲ್ಲಿ ಫ್ಯಾನ್ ಸದ್ದು ಮಾತ್ರ.

ಆಮೇಲೆ ಅವರು ಟಿಕೆಟ್‌ಗಳನ್ನು ಮೇಜಿನ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಇಟ್ಟರು. ನನ್ನ ಪುಸ್ತಕ ಕೇಳಿದರು. ಜನವರಿ 24: ಪುಸ್ತಕದಲ್ಲಿ 5.30ಕ್ಕೆ ಹೊರಗೆ, ಟಿಕೆಟ್‌ನಲ್ಲಿ ರಾತ್ರಿ 8.04. ಜನವರಿ 29: ಪುಸ್ತಕದಲ್ಲಿ 5.30, ಟಿಕೆಟ್ 8.07. ಒಂದೊಂದೇ ಓದಿದರು. ಜೋರಾಗಿ ಅಲ್ಲ. ನನ್ನ ಅಕ್ಷರ ಚೆನ್ನಾಗಿದೆ ಎಂದು ಎಲ್ಲರೂ ಹೊಗಳುತ್ತಿದ್ದ ಪುಸ್ತಕ ಅದು. ಐದನೆಯ ಟಿಕೆಟ್‌ಗೆ ಮ್ಯಾನೇಜರ್ "ಸಾಕು" ಅಂದರು.

ಒಂದು ವಿಷಯ ಇನ್ನೂ ಗಟ್ಟಿಯಾಗಿತ್ತು. ಸಂಜೆ 7ರ ನಂತರ ಹೆಂಗಸರನ್ನು ಫ್ಯಾಕ್ಟರಿಯಲ್ಲಿ ದುಡಿಸುವುದಕ್ಕೆ ಕಾಯ್ದೆಯಲ್ಲಿ ಮೊದಲಿನಿಂದ ತಡೆ ಇತ್ತು. ಕರ್ನಾಟಕದಲ್ಲಿ ಅದನ್ನು ಸಡಿಲ ಮಾಡಿದ್ದರು, ಆದರೆ ಷರತ್ತಿನ ಮೇಲೆ. ಅವರ ಒಪ್ಪಿಗೆ ಬೇಕಿತ್ತು, ಓಡಾಟಕ್ಕೆ ವಾಹನ ಕೊಡಬೇಕಿತ್ತು. ನಮ್ಮಲ್ಲಿ ಏಳೂವರೆವರೆಗೆ ದುಡಿಸಿ ಗೇಟಿನ ಹೊರಗೆ ಬಿಟ್ಟಿದ್ದರು. ಆ ಅರ್ಧ ಗಂಟೆಯೇ ದೊಡ್ಡ ತಪ್ಪು. ಮ್ಯಾನೇಜರ್ ಹೆದರಿದ್ದು ಅಲ್ಲಿ.

ಕಾರ್ಖಾನೆ ಕಾಯ್ದೆಗೆ 2023ರಲ್ಲಿ ಕರ್ನಾಟಕ ಮಾಡಿದ ತಿದ್ದುಪಡಿಯ ಮಾತು ಬರಲಿಲ್ಲ, ಬಂದಿದ್ದರೂ ಅವರಿಗೆ ಉಪಯೋಗ ಇರಲಿಲ್ಲ. ಅದರಲ್ಲಿ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು ಎಂದಿತ್ತು ನಿಜ. ಆದರೆ ವಾರಕ್ಕೆ 48ರ ಒಳಗೆ, ಅದೂ ಕೆಲಸಗಾರರ ಲಿಖಿತ ಒಪ್ಪಿಗೆ ಪಡೆದು. ಅದೇ ತಿದ್ದುಪಡಿ ಮೂರು ತಿಂಗಳ ಓಟಿ ಮಿತಿಯನ್ನು 75 ಗಂಟೆಯಿಂದ 144ಕ್ಕೆ ಏರಿಸಿತು. ವಾರಕ್ಕೆ 12 ಗಂಟೆ ಓಟಿ ಮಾಡಿದರೆ 75 ಗಂಟೆ ಏಳನೇ ವಾರಕ್ಕೆ ಮುಗಿಯುತ್ತಿತ್ತು. 144 ಅಂದರೆ ಹನ್ನೆರಡು ವಾರ. ನಮ್ಮ ಸೀಸನ್ನಿಗೆ ಅಳತೆ ತೆಗೆದು ಹೊಲಿದ ಹಾಗಿತ್ತು. ಅದನ್ನು ಮಿತಿ ಅನ್ನಬೇಕೋ ಬೇಡವೋ ನನಗೆ ಗೊತ್ತಿಲ್ಲ.

ಏನು ಸಿಕ್ಕಿತು, ಏನು ಸಿಗಲಿಲ್ಲ

ಮಂಗಳವಾರ ಹನ್ನೊಂದು ಜನ ಕೆಲಸಕ್ಕೆ ಬಂದರು. ಹೊರಗೆ ನಿಂತ ಮೂರು ದಿನದಲ್ಲಿ ಒಂದು ದಿನದ ಕೂಲಿ ಮಾತ್ರ ಕೊಟ್ಟರು. ಗೇಟಿಗೆ ಬೀಗ ಹಾಕಿದ್ದಕ್ಕೆ ಯಾರೂ ತಪ್ಪಾಯಿತು ಅನ್ನಲಿಲ್ಲ. ಓಟಿ ಬೇಕಾದವರು ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಹಾಳೆಯಲ್ಲಿ ಹೆಸರು ಬರೆಸಬೇಕು, ಬರೆಸದವರು ಐದೂವರೆಗೆ ಹೋಗಬಹುದು ಎಂದಾಯಿತು. ವೇಳೆಯ ನೋಟಿಸು ಬದಲಾಯಿತು. ಓಟಿಗೆ ಇಲಾಖೆಯ ಅನುಮತಿಗೆ ಅರ್ಜಿ ಹೋಯಿತು. ಇನ್ನು ಮುಂದೆ ಎರಡು ಪಟ್ಟು.

ಜೊತೆಗೆ ಇನ್ನೊಂದು ಆಯಿತು. ಹಲಗೆಯ ಮೇಲೆ 7.30ರ ಬದಲು 7.00 ಎಂದು ಬಂತು.

ಜಾಣತನ ನೋಡಿ. ಏಳಕ್ಕೆ ಬಿಟ್ಟರೆ ವಾಹನ ಕೊಡಬೇಕಾಗಿಲ್ಲ. ಆದರೆ ಗುಡ್ಡೆಹೊಸೂರಿನವರಿಗೆ ಏಳಕ್ಕೂ ಬಸ್ಸಿಲ್ಲ, ಏಳೂವರೆಗೂ ಇಲ್ಲ. ಕಾನೂನಿನ ಪುಸ್ತಕದಲ್ಲಿ ಎಲ್ಲ ಸರಿ. ರಸ್ತೆಯ ಮೇಲೆ ಏನೂ ಬದಲಾಗಿರಲಿಲ್ಲ.

ಮೊದಲ ದಿನ ಹಾಳೆಯಲ್ಲಿ ನಾಲ್ಕು ಹೆಸರು ಬಂದವು. ಎಲ್ಲ ಕುಶಾಲನಗರದವರೇ. ಕಂತಿನ ಹುಡುಗಿ ಮೊದಲನೆಯವಳು. ಎರಡನೇ ದಿನ ಐದು. ಆರಿಸುವ ಮೇಜು ಸಂಜೆ ಹೊತ್ತು ಖಾಲಿ ಖಾಲಿ. ಮೂಟೆಗಳು ಗೋಡೆಯವರೆಗೆ ಪೇರಿಸಿದ್ದವು. ಮೂರನೇ ದಿನ ಮ್ಯಾನೇಜರ್ ಊಟದ ಹೊತ್ತಿನಲ್ಲಿ ತಾವೇ ಮೇಜಿನ ಹತ್ತಿರ ಬಂದು ನಿಂತರು. ಮುಂಚೆ ಹಾಗೆ ಬಂದವರಲ್ಲ.

"ಯಾಕಮ್ಮ, ಡಬಲ್ ಕೊಡ್ತೀವಿ ಅಂದ್ರೂ ಯಾರೂ ಇರಲ್ವಾ?"

ಅಕ್ಕ ಬುತ್ತಿಯಿಂದ ತಲೆ ಎತ್ತದೆ ಹೇಳಿದರು: "ಡಬಲ್ ಬೇಕು ಸಾರ್. ಬಸ್ಸೂ ಬೇಕು."

ನಾಲ್ಕನೇ ದಿನ ಸಿಪ್ಪೆ ಸಾಗಿಸುವ ಕಂಪನಿಯ ಪಿಕಪ್ ತೊಳೆದು, ಹಿಂದೆ ಬೆಂಚು ಹಾಕಿ, ಟಾರ್ಪಾಲು ಕಟ್ಟಿ ನಿಲ್ಲಿಸಿದ್ದರು. ಗುಡ್ಡೆಹೊಸೂರು ಕಡೆಗೆ ಒಂದು ಟ್ರಿಪ್. ಯಾವ ಸೆಕ್ಷನ್ ಪ್ರಕಾರವೂ ಅದು ಕೊಡಬೇಕಾದದ್ದಲ್ಲ. ಬೇಡ ಅನ್ನಲು ಬಿಟ್ಟಾಗ ಹೌದು ಅನ್ನುವುದಕ್ಕೆ ರೇಟು ಕುದುರಿತು. ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಅನ್ನಿಸಿದ್ದು ಇದೇ. ಆ ಸಂಜೆ ಹಾಳೆಯಲ್ಲಿ ಹದಿನಾಲ್ಕು ಹೆಸರಿದ್ದವು.

ಎಲ್ಲ ಸುಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಮ್ಮೆಯೂ ಹೆಸರು ಬರೆಸದ ಇಬ್ಬರನ್ನು ಆರಿಸುವ ಮೇಜಿನಿಂದ ಸಿಪ್ಪೆ ಗುಡಿಸುವ ಕಡೆಗೆ ಹಾಕಿದರು. ಅಲ್ಲಿ ಧೂಳು ಜಾಸ್ತಿ. ಕೇಳಿದರೆ "ಅಲ್ಲಿ ಜನ ಕಮ್ಮಿ" ಅನ್ನುವ ಉತ್ತರ. ಬೇಡ ಅಂದದ್ದಕ್ಕೇ ಹೀಗಾಯಿತು ಎಂದು ತೋರಿಸಲು ಯಾವ ಬಸ್ ಟಿಕೆಟ್ಟೂ ಇಲ್ಲ.

ಬಾಕಿ ಹಣ

ಹದಿನೈದು ದಿನದ ಬಾಕಿ ಲೆಕ್ಕ ಮಾಡುವ ಕೆಲಸ ನನಗೇ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಕಡೆ ತಪ್ಪುವುದು ಇಲ್ಲೇ.

ಆಗಿನ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ ದಾಟಿದರೂ ಓಟಿ, ವಾರಕ್ಕೆ 48 ದಾಟಿದರೂ ಓಟಿ. ಮೊದಲ ಎರಡು ವಾರ ಆರೂ ದಿನ ಬಂದವರು ವಾರಕ್ಕೆ 60 ಗಂಟೆ ದುಡಿದಿದ್ದರು. ವಾರದ ಲೆಕ್ಕದಲ್ಲಿ 12 ಗಂಟೆ ಓಟಿ, ಎರಡು ವಾರಕ್ಕೆ 24. ಎದ್ದು ಹೋದ ಹನ್ನೊಂದು ಜನರಿಗೆ ಮೂರನೇ ವಾರ ಮೂರು ದಿನ ಹತ್ತು ಗಂಟೆ, ಗುರುವಾರ ಎಂಟು, ಆಮೇಲೆ ಗೇಟಿನ ಹೊರಗೆ. ಒಟ್ಟು 38. ವಾರದ ಲೆಕ್ಕ ಹಿಡಿದರೆ ಆ ವಾರ ಓಟಿಯೇ ಇಲ್ಲ. ದಿನದ ಲೆಕ್ಕ ಹಿಡಿದರೆ ಒಂಬತ್ತು ದಾಟಿದ ಮೂರು ಗಂಟೆ ಇದೆ. ಆಫೀಸಿನವರು ನನಗೆ ವಾರದ ಲೆಕ್ಕ ಮಾತ್ರ ಹಿಡಿ ಎಂದರು. ಒಂದು ಪಟ್ಟು ಮೊದಲೇ ಕೊಟ್ಟಾಗಿತ್ತು, ಇನ್ನೊಂದು ಪಟ್ಟು ಬಾಕಿ. ಹಾಗಾಗಿ ಒಬ್ಬೊಬ್ಬರಿಗೆ 24 ಗಂಟೆಗೆ 65ರಂತೆ 1,560 ರೂಪಾಯಿ.

ಅಕ್ಕನ ಕವರಿನಲ್ಲಿ 910 ಇತ್ತು.

ಅವರು ಜನವರಿ 22, ಬುಧವಾರ ಮಡಿಕೇರಿ ಆಸ್ಪತ್ರೆಗೆ ಹೋಗಿದ್ದರು. ಒಂದು ದಿನ ರಜೆ. ಆ ವಾರ ಐದು ದಿನ ಹತ್ತು ಗಂಟೆ, ಒಟ್ಟು 50. ವಾರದ ಲೆಕ್ಕದಲ್ಲಿ ಓಟಿ ಎರಡೇ ಗಂಟೆ. ಎರಡನೇ ವಾರ 12. ಒಟ್ಟು 14 ಗಂಟೆ, 910 ರೂಪಾಯಿ.

ಕವರು ಹಿಡಿದುಕೊಂಡು ಅಕ್ಕ ನನ್ನ ಮೇಜಿಗೆ ಬಂದರು. ಮತ್ತೆ ಕ್ಯಾಲ್ಕುಲೇಟರ್ ಕೇಳಿದರು. ಆ ಸಲ ನಾನು ಸುಮ್ಮನಿರಲಿಲ್ಲ. ಕ್ಯಾಲ್ಕುಲೇಟರ್ ಅವರ ಕಡೆ ತಿರುಗಿಸಿ ತೋರಿಸಿದೆ. "ಮೊದಲ ವಾರ ದಿನಕ್ಕೆ ಒಂದು ಗಂಟೆ ಅಂತ ಹಿಡಿದ್ರೆ ಐದು ಗಂಟೆ ಆಗ್ತದೆ ಅಕ್ಕ, ಎರಡಲ್ಲ. ಮೂರನೇ ವಾರ ಮೂರು. ಎರಡನೇ ವಾರದ 12 ಸೇರಿ 20. ನಿಮಗೆ 1,300 ಬರಬೇಕು. ಮಿಕ್ಕವರಿಗೂ ಮೂರು ಮೂರು ಗಂಟೆ ಬಾಕಿ, 195."

"390 ಕಮ್ಮಿ ಕೊಟ್ಟಿದ್ದಾರೆ" ಅಂದರು.

"ಹೌದು."

"ಬರ್ದು ಕೊಡಣ್ಣ."

ಬರೆದುಕೊಟ್ಟೆ. ಸಹಿ ಹಾಕಿದೆ. ಆ ಹಣ ಮಾರ್ಚ್ ಹದಿನೈದರ ನಂತರ ಬಂತು. ಏಪ್ರಿಲ್‌ನಲ್ಲಿ ನನ್ನನ್ನು ಗೋಡೌನಿಗೆ ಹಾಕಿದರು, ಮೂಟೆ ಎಣಿಸುವುದಕ್ಕೆ. ಜೂನ್‌ನಲ್ಲಿ ಬಿಟ್ಟೆ. ಅದು ಶಿಕ್ಷೆಯೋ ಅಲ್ಲವೋ ಎಂದು ನನ್ನ ಹತ್ತಿರವೂ ಟಿಕೆಟ್ ಇಲ್ಲ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಾರ್ಖಾನೆ ಕಾಯ್ದೆ, ಪ್ಲಾಂಟೇಶನ್ ಕಾಯ್ದೆ ಎರಡರ ಜಾಗಕ್ಕೂ ವೃತ್ತಿ ಸುರಕ್ಷತೆಯ ಸಂಹಿತೆ ಬಂದಿದೆ. ಅದರ 27ನೇ ಸೆಕ್ಷನ್‌ನಲ್ಲಿ ಓಟಿಗೆ ಎರಡು ಪಟ್ಟು ಕೂಲಿ ಎಂದಿದೆ. ಕೆಲಸಗಾರರ ಒಪ್ಪಿಗೆ ಇದ್ದರೆ ಮಾತ್ರ ಓಟಿ ಮಾಡಿಸಬೇಕು ಎಂದೂ ಇದೆ. ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಆಗಲೇ ಓದಿಯಾಗಿತ್ತು. "ಒಪ್ಪಿಗೆ ಅಂತ ಇದೆ, ಯಾವಾಗ ತಗೋಬೇಕು ಅಂತ ಆ ಸಾಲಲ್ಲಿ ಇಲ್ಲ ನೋಡಪ್ಪ. ಸೇರೋವಾಗ ಹಾಕಿಸ್ತಾರಲ್ಲ ಹೆಬ್ಬೆಟ್ಟು, ಅದನ್ನೇ ಮತ್ತೆ ತೋರಿಸ್ತಾರೆ" ಅಂದರು.

ಮೊನ್ನೆ ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಿದ್ದರು. ಸಂಜೆ ಆರರ ಹೊತ್ತು. ಕಲರ್ ಸಾರ್ಟರ್ ರಿಪೇರಿಯಾಗಿದೆ, ಈ ಸೀಸನ್ ಮೇಜಿನಲ್ಲಿ ಹದಿನೆಂಟೇ ಜನ ಅಂದರು. ಊಟದ ಹೊತ್ತಿನ ಹಾಳೆ ಇನ್ನೂ ಇದೆಯಂತೆ. ಅವರು ವಾರಕ್ಕೆ ಎರಡು ದಿನ ಹೆಸರು ಬರೆಸುತ್ತಾರಂತೆ, ಪಿಕಪ್ ಇದ್ದ ದಿನ. ಬಸ್ಸು ಬಂತು. ಹತ್ತುವಾಗ ಕಂಡಕ್ಟರ್ ಕೊಟ್ಟ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಬುತ್ತಿ ಚೀಲದ ಪಕ್ಕದ ಜೇಬಿಗೆ ಹಾಕಿಕೊಂಡರು.